ಪ್ರವೇಶ ಉಚಿತ, ನಿರ್ಗಮನದ ದರ ವಿಚಾರಿಸಿ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಸೇರುವ ಕಡಲೆಕಾಯಿ ಪರಿಷೆಗೆ ಪ್ರವೇಶ ಶುಲ್ಕವಿಲ್ಲ ಎಂಬುದನ್ನು ಪ್ರತಿವರ್ಷವೂ ಹೆಮ್ಮೆಯಿಂದ ಸಾರಲಾಗುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಕ್ಕೆ ನುಗ್ಗಿ ರೈತರ ಬೆಳೆಯನ್ನು ಮೇಯುತ್ತಿದ್ದನೆಂದು ಐತಿಹ್ಯ ಹೇಳುವ ಬಸವಣ್ಣನೂ ಯಾರಿಗೂ ಬಿಡಿಗಾಸು ಕೊಟ್ಟವನಲ್ಲ. ಹಾಗೆ ನೋಡಿದರೆ, ಪರಿಷೆಯ ಸುದೀರ್ಘ ಇತಿಹಾಸದಲ್ಲಿ ನಿಜವಾಗಿ ಪುಕ್ಕಟೆಯಾಗಿ ತಿಂದು ಹೋದ ಏಕೈಕ ಜೀವಿ ಅವನೇ ಇರಬೇಕು. ಅವನ ಜೊತೆಯಲ್ಲಿ ಚಿಕ್ಕ ಮಕ್ಕಳಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಮೊದಲನೆಯದಾಗಿ, ಸೋಮವಾರವೆಂದರೆ ಕೆಲಸದ ದಿನ. ಪರಿಷೆ ಈಗೀಗ ಹಲವು ದಿನಗಳಿಗೆ ಹರಡಿಕೊಂಡಿದೆಯಾದರೂ, ಅಜ್ಜಿಯಂದಿರ ಪ್ರಕಾರ ಪುಣ್ಯವಿರುವುದು ಸೋಮವಾರದಲ್ಲೇ ಆದ್ದರಿಂದ, ಒಂದು ದಿನದ ರಜೆ ಮನೆಯ ಹೊಸ್ತಿಲಲ್ಲೇ ಖರ್ಚಾಗುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಕೃಪೆಯಿಂದ ತಾಯಿ ಬಸ್ಸಿನಲ್ಲಿ ಉಚಿತವಾಗಿ ಹೋಗುತ್ತಾಳೆ, ತಂದೆ ಟಿಕೆಟ್ ಕೊಳ್ಳುತ್ತಾನೆ, ಮಗನ ವಯಸ್ಸು ನಿರ್ವಾಹಕರನ್ನು ಕಂಡೊಡನೆ ಒಂದೆರಡು ವರ್ಷ ಇಳಿಯುತ್ತದೆ. ಆದರೆ ಹೋಗುವಾಗ ಕುಣಿಯುತ್ತ ಹೋದ ಮಗು ಬರುವಾಗ ಹೆಗಲ ಮೇಲೆ ನಿದ್ದೆ ಮಾಡುತ್ತಿರುವುದರಿಂದ, ಉಚಿತ ಬಸ್ಸು ಒಂದೇ ದಿಕ್ಕಿನಲ್ಲಿ ಉಪಯೋಗಕ್ಕೆ ಬರುತ್ತದೆ. ಆಟೋದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಎಂದು ಸರ್ಕಾರ 2025ರ ಆಗಸ್ಟಿನಿಂದ ಗೊತ್ತುಪಡಿಸಿದೆಯಲ್ಲವೇ ಎಂದು ಕೇಳುವವರು, ನಿದ್ದೆಹೋದ ಮಗುವನ್ನು ಹೊತ್ತು ನಿಂತ ತಂದೆಯನ್ನು ಕಂಡ ಚಾಲಕನ ಮುಖವನ್ನು ಒಮ್ಮೆ ನೋಡಬೇಕು.

ಪರಿಷೆಯ ನಿಜವಾದ ಅರ್ಥಶಾಸ್ತ್ರ ಇರುವುದು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ. ಬಣ್ಣದ ಗಿರಗಟ್ಟೆ, ಪೀಪಿ, ಮಿನುಗುವ ಕೊಂಬಿನ ತಲೆಪಟ್ಟಿ, ಸೋಪಿನ ಗುಳ್ಳೆ ಉಗುಳುವ ಪಿಸ್ತೂಲು, ಇವೆಲ್ಲವೂ ದೊಡ್ಡವರಿಗೆ ಕಾಣದ, ಮಕ್ಕಳಿಗೆ ಕಾಣದೇ ಇರಲಾರದ ಸಾಲಿನಲ್ಲಿ ತೂಗುತ್ತವೆ. ಪಿಸ್ತೂಲಿನ ಸೋಪುನೀರು ಬ್ಯೂಗಲ್ ರಾಕ್ ತಲುಪುವಷ್ಟರಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ಹನಿ ತಾಯಿಯ ರೇಷ್ಮೆ ಸೆರಗಿನ ಮೇಲೆ ಸೋರಿರುತ್ತದೆ. ತೊಟ್ಟಿಲಿಗೆ ಮಗುವಿಗೊಂದು ಟಿಕೆಟ್, ಮಗು ಒಂಟಿಯಾಗಿ ಕೂರಬಾರದೆಂದು ತಂದೆಗೊಂದು ಟಿಕೆಟ್, ಇಳಿದ ಮೇಲೆ ತಂದೆಯ ತಲೆಸುತ್ತಿಗೆ ಒಂದು ನಿಂಬೆ ಸೋಡಾ. ಬೊಂಬಾಯಿ ಮಿಠಾಯಿಯ ವಿಷಯದಲ್ಲಿ ಸರ್ಕಾರ ಪಾಲಕರ ಪರ ನಿಂತದ್ದುಂಟು: 2024ರ ಮಾರ್ಚಿನಲ್ಲಿ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿ, ಬಿಳಿಯದನ್ನು ಮಾರಲು ಅಡ್ಡಿಯಿಲ್ಲವೆಂದಿತು. ಬಿಳಿಯದು ಬೇಡ, ಗುಲಾಬಿಯದೇ ಬೇಕು ಎಂದು ಬೀದಿಯಲ್ಲಿ ಉರುಳಾಡುವ ನಾಲ್ಕು ವರ್ಷದ ನಾಗರಿಕನಿಗೆ ಆಹಾರ ಸುರಕ್ಷತೆಯ ನಿಯಮಗಳನ್ನು ಮನವರಿಕೆ ಮಾಡಿಕೊಡುವ ಹೊಣೆಯನ್ನು ಮಾತ್ರ ಯಾವ ಇಲಾಖೆಯೂ ವಹಿಸಿಕೊಳ್ಳಲಿಲ್ಲ. ಆ ಹೊಣೆ ಕೊನೆಗೆ ಪಕ್ಕದ ಬಲೂನಿನವನ ಪಾಲಾಗುತ್ತದೆ, ಶುಲ್ಕ ಸಹಿತ.

ವ್ಯಾಪಾರಿಯನ್ನು ದೂರುವುದು ಅನ್ಯಾಯ. ಮೂಟೆಯ ಪಕ್ಕದಲ್ಲೇ ಪಾದಚಾರಿ ಮಾರ್ಗದ ಮೇಲೆ ರಾತ್ರಿ ಕಳೆಯುವ ಅವನಿಗೆ ಇದು ಹೊಟ್ಟೆಪಾಡು. ದೂರಬೇಕಾದದ್ದು, ಒಳಗೆ ಬರಲು ದುಡ್ಡು ಕೇಳದ ಔದಾರ್ಯ ತೋರಿ, ಒಳಗೆ ಬಂದ ಹತ್ತು ನಿಮಿಷದಲ್ಲಿ ಮಗುವಿಗೆ ಬೇಕಾಗುವ ಯಾವುದನ್ನೂ ಇಡದ ನಮ್ಮ ನಗರವನ್ನು. ಮಗುವಿಗೆ ಬಾಯಾರುತ್ತದೆ, ನಲ್ಲಿ ಕಾಣುವುದಿಲ್ಲ, ಇಪ್ಪತ್ತು ರೂಪಾಯಿಯ ಬಾಟಲಿ ಎಲ್ಲೆಲ್ಲೂ ಕಾಣುತ್ತದೆ. ಆ ಬಾಟಲಿಯ ಫಲವಾಗಿ ಅರ್ಧ ಗಂಟೆಯೊಳಗೆ ಮಗು ಎರಡೂ ಕಾಲು ಹೆಣೆದುಕೊಂಡು, ಜಗತ್ತಿನ ಎಲ್ಲ ಪಾಲಕರಿಗೂ ಅರ್ಥವಾಗುವ ಆ ಒಂದು ಮಾತನ್ನು ಹೇಳುತ್ತದೆ. ಸಂಚಾರಿ ಶೌಚಾಲಯ ಜನಸಾಗರದ ಆಚೆ ದಡದಲ್ಲಿದೆ. ನಿಂತು ತಿನ್ನುವ ದರ್ಶಿನಿಯಲ್ಲಿ ಆ ಸೌಕರ್ಯವೇ ಇರುವುದಿಲ್ಲ. ಕುಳಿತು ತಿನ್ನುವ ಹೋಟೆಲಿನಲ್ಲಿ ಇರುತ್ತದೆ, ಆದರೆ ಅಲ್ಲಿ ಸುಮ್ಮನೆ ಒಳನುಗ್ಗಲು ಮಧ್ಯಮ ವರ್ಗದ ಮನಸ್ಸಾಕ್ಷಿ ಒಪ್ಪದು. ಹೀಗಾಗಿ ಒಂದು ಮಗುವಿನ ಒಂದು ಮೂತ್ರವಿಸರ್ಜನೆಯ ಬೆಲೆ ಎರಡು ಮಸಾಲೆ ದೋಸೆ, ಎರಡು ಕಾಫಿ ಮತ್ತು ಮಗು ಮುಟ್ಟದೆ ಬಿಟ್ಟ ಒಂದು ಜಾಮೂನು ಎಂದು ನಿಗದಿಯಾಗುತ್ತದೆ. ಐದು ರೂಪಾಯಿ ಪಡೆದು ಶುಚಿಯಾದ ಶೌಚಾಲಯ ಕೊಡುವುದು ಪಾಲಿಕೆಯ ಘನತೆಗೆ ಕುಂದು. ಏಕೆಂದರೆ ಆಗ ಪರಿಷೆಯನ್ನು ಉಚಿತವೆಂದು ಕರೆಯಲಾಗುವುದಿಲ್ಲ. ಕಂಕುಳಲ್ಲಿ ಕೂಸಿರುವ ತಾಯಿ ಅದರ ಬಟ್ಟೆ ಬದಲಿಸುವುದು ಎಲ್ಲಿ ಎಂಬ ಪ್ರಶ್ನೆಗೆ ದೊಡ್ಡ ಗಣಪತಿಯೇ ಉತ್ತರ ಹೇಳಬೇಕು.

ಇಷ್ಟೆಲ್ಲದರ ನಡುವೆ ಕಡಲೆಕಾಯಿಯ ಮಾತೇ ಬರಲಿಲ್ಲವೆಂದು ಓದುಗರು ಆಕ್ಷೇಪಿಸಬಹುದು. ಇಡೀ ಯಾತ್ರೆಯಲ್ಲಿ ಅತಿ ಅಗ್ಗದ ವಸ್ತು ಅದೇ ಆಗಿರುವುದರಿಂದ, ಅದಕ್ಕೆ ಪ್ರತ್ಯೇಕ ಲೆಕ್ಕ ಇಡುವ ಪದ್ಧತಿಯಿಲ್ಲ. ಗುಳ್ಳೆ ಪಿಸ್ತೂಲಿಗೆ ಚಕಾರವೆತ್ತದೆ ದುಡ್ಡು ಕೊಟ್ಟ ತಂದೆ, ಕೋಲಾರದ ಕಡೆಯಿಂದ ಮೂಟೆ ಹೊತ್ತು ಬಂದ ರೈತನೊಡನೆ ಒಂದು ಸೇರಿಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ವಾದಿಸಿ, ಕೊಸರು ಹಾಕಿಸಿಕೊಂಡು ಗೆಲ್ಲುತ್ತಾನೆ. ಆ ಗೆಲುವನ್ನು ತುಂಬಿಕೊಳ್ಳಲು ಒಂದು ಬಟ್ಟೆಯ ಚೀಲ ಕೊಳ್ಳುತ್ತಾನೆ, ಏಕೆಂದರೆ ಮನೆಯಿಂದಲೇ ಕೈಚೀಲ ತನ್ನಿರೆಂಬ ಕರೆಯನ್ನು ಓದಿಯೂ ಚೀಲವನ್ನು ಬಾಗಿಲ ಹಿಂದೆ ಮರೆತುಬಂದಿರುತ್ತಾನೆ.

ಮರುದಿನ ಶಾಲೆಯಿಂದ ವಾಟ್ಸಾಪ್ ಸಂದೇಶ ಬರುತ್ತದೆ: ನಮ್ಮ ಸಂಸ್ಕೃತಿಯ ಪರಿಚಯಕ್ಕಾಗಿ ಪ್ರತಿ ಮಗುವೂ ಕಡಲೆಕಾಯಿ ಪರಿಷೆಯ ಬಗ್ಗೆ ಬಣ್ಣದ ಚಾರ್ಟೊಂದನ್ನು, ಥರ್ಮಾಕೋಲಿನ ಬಸವನ ಸಹಿತ, ನಾಳೆಯೇ ತಯಾರಿಸಿ ತರತಕ್ಕದ್ದು. ಸ್ಟೇಷನರಿ ಅಂಗಡಿಗೂ ಪ್ರವೇಶ ಉಚಿತವೇ.