ದರೆ ಮೇಲಿನ ಆನ್‌ಲೈನ್ ಬಳಗ

ಹೋದ ತಿಂಗಳು ಫೋನ್ ಕಂಪನಿಯಿಂದ ಒಂದು ಮೆಸೇಜ್ ಬಂತು. ನಿಮ್ಮೂರಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ನಮ್ಮ ಆ್ಯಪ್ ಇಳಿಸಿಕೊಂಡು ದೂರು ಕೊಡಿ ಅಂತ. ಕಂಪನಿ ಹೆಸರು ಬೇಡ ಬಿಡಿ, ಎಲ್ಲದರ ಜಾತಕವೂ ಒಂದೇ. ಹೇಳಿದ್ದು ಕೇಳುವ ಗಿರಾಕಿ ನಾನು. ಛತ್ರಿ ಹಿಡಿದು ಮನೆ ಹಿಂದಿನ ದರೆ, ಅಂದರೆ ಮಣ್ಣಿನ ದಿಬ್ಬ, ಹತ್ತಿದೆ. ಆ್ಯಪ್ ಅರ್ಧ ಇಳಿಯುವಷ್ಟರಲ್ಲಿ ಕಾಲಿಗೆ ಮೂರು ಉಂಬಳ, ಅಂದರೆ ಜಿಗಣೆ, ಹತ್ತಿದ್ದವು. ಅವುಗಳ ಕನೆಕ್ಷನ್ ಮಾತ್ರ ಯಾವ ಮಳೆಗೂ ಕಟ್ ಆಗುವುದಿಲ್ಲ. ಒಟಿಪಿ ಬಂದದ್ದು ಮಾರನೇ ದಿನ, ಡೇರಿಗೆ ಹಾಲು ಕೊಡಲು ಹೋದಾಗ. ಮೂರನೇ ಪ್ರಯತ್ನಕ್ಕೆ ದೂರು ದಾಖಲಾಯಿತು.

ಮಲೆನಾಡಿನ ಮನೆ ನೋಡಿದವರಿಗೆ ಗೊತ್ತು. ದೇವರಿಗೆ ಒಂದು ಕೋಣೆ ಇದ್ದ ಹಾಗೆ ಸಿಗ್ನಲ್ಲಿಗೂ ಒಂದು ಜಾಗ ಇರುತ್ತದೆ. ನಮ್ಮಲ್ಲಿ ಅದು ಜಗಲಿಯ ಎರಡನೇ ಕಿಟಕಿ, ಎಡದಿಂದ ಮೂರನೇ ಸರಳು. ಫೋನನ್ನು ಅಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿಡಬೇಕು. ಮುಟ್ಟಿದರೆ ಹೋಯಿತು. ಸ್ಪೀಕರ್ ಹಾಕಿ, ಕೈ ಕಟ್ಟಿಕೊಂಡು, ಎದುರು ನಿಂತು ಮಾತಾಡಬೇಕು. ಬಂದವರು ಇವರೇನೋ ಹರಕೆ ಹೊತ್ತಿದ್ದಾರೆ ಅಂದುಕೊಳ್ಳಬೇಕು. ಹಿಂದೆ ಅದೇ ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಲ್ಯಾಂಡ್‌ಲೈನ್ ಇತ್ತು. ಆಗ ವೈರು ಎಳೆದಷ್ಟು ದೂರವಾದರೂ ಹೋಗಬಹುದಿತ್ತು.

ಕಿಟಕಿಯಲ್ಲಿ ಮಾತು ಮಾತ್ರ. ಡೇಟಾ ಬೇಕಂದರೆ ದರೆಯೇ ಗತಿ. ಊರಿನವರೆಲ್ಲ ಸಂಜೆ ಅಲ್ಲಿಗೆ ಬರುತ್ತಾರೆ. 'ಊಟ ಆಯ್ತಾ' ಅಂತ ಕೇಳುವ ಕಾಲ ಹೋಯಿತು. ಈಗ 'ಎಂತ ಮಾರಾಯ, ಇವತ್ತು ಎಷ್ಟು ಕಡ್ಡಿ?' ಯಾರ ಸೊಸೈಟಿ ಸಾಲ ಎಷ್ಟು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಎಲ್ಲರಿಗೂ ಗೊತ್ತು. ಆನ್‌ಲೈನ್‌ನಲ್ಲಿ ಸಮುದಾಯ ಕಟ್ಟುವುದು ಹೇಗೆ ಅಂತ ಪಟ್ಟಣದಲ್ಲಿ ಸೆಮಿನಾರ್ ಮಾಡುತ್ತಾರಂತೆ. ಇಲ್ಲಿ ಬಂದು ನೋಡಿ. ಎರಡು ವರ್ಷ ಬೇಲಿ ಜಗಳಕ್ಕೆ ಮಾತು ಬಿಟ್ಟಿದ್ದ ಅಣ್ಣ ತಮ್ಮ, ನಿಲ್ಲಲು ಬೇರೆ ಜಾಗ ಇಲ್ಲದೆ ಒಂದೇ ಛತ್ರಿಯಡಿ ಬಂದು ರಾಜಿಯಾದರು.

ಊರಿನ ವಾಟ್ಸಾಪ್ ಗ್ರೂಪೂ ಇದೆ. ಒಂದು ಗ್ರೂಪಿಗೆ 1024 ಜನ ಸೇರಬಹುದು ಅಂತ ಕಂಪನಿಯವರು ಉದಾರವಾಗಿ ಬಿಟ್ಟಿದ್ದಾರೆ. ನಮ್ಮ ಊರಲ್ಲಿ ದನ ಕರು ಸೇರಿಸಿದರೂ ಅಷ್ಟು ಆಗಲಿಕ್ಕಿಲ್ಲ. ಗ್ರೂಪಿನ ಮುಕ್ಕಾಲು ಜನ ಇರುವುದು ಬೆಂಗಳೂರಲ್ಲಿ. ನೆಟ್‌ವರ್ಕ್ ಅವರಿಗಿದೆ, ಹಾಗಾಗಿ ಊರೂ ಅವರದೇ. ದೇವಸ್ಥಾನಕ್ಕೆ ಟೈಲ್ಸೋ ಗ್ರಾನೈಟೋ ಅಂತ ಒಂದು ರಾತ್ರಿ ಕಾದಾಡಿ, ವೋಟು ಹಾಕಿ ತೀರ್ಮಾನಿಸಿದರು. ದಿನಾ ಅಲ್ಲಿ ಗಂಟೆ ಹೊಡೆಯುವ ಭಟ್ಟರಿಗೆ ವಿಷಯ ಗೊತ್ತಾದದ್ದು ಗ್ರಾನೈಟ್ ಲಾರಿ ಬಂದಾಗ. ಜೂನ್ ಬಂದರೆ ಇವರದು 'ಮಿಸ್ಸಿಂಗ್ ಮಲ್ನಾಡ್' ಅಂತ ಮಳೆ ವಿಡಿಯೋ. ಆ ಮಳೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲಾಗದೆ ಕೂತ ನಮಗೆ ಅದು ಕಾಣುವುದು ಮಳೆ ನಿಂತ ಮೇಲೆ.

ಗ್ರೂಪಿನಿಂದ ಉಪಯೋಗ ಇಲ್ಲವೇ? ಇದೆ. ಅಡಿಕೆ ರೇಟು ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಘಾಟಿಯಲ್ಲಿ ಮರ ಬಿದ್ದು ಬಸ್ ನಿಂತಿದೆಯಾ, ಎಲ್ಲ ಬರುತ್ತದೆ. ಒಂದೇ ಸಲ ಬರುತ್ತದೆ, ಅಷ್ಟೇ. ಕರೆಂಟ್ ಹೋದರೆ ಟವರೂ ಮಲಗುತ್ತದೆ. ಹಾಗಾಗಿ 'ನಾಳೆ ಕರೆಂಟ್ ಇರುವುದಿಲ್ಲ' ಎಂಬ ಸೂಚನೆ ಕರೆಂಟ್ ಬಂದ ಮೇಲೆ ಸಿಗುತ್ತದೆ. ಆಚೆ ಕೇರಿಯ ಅಜ್ಜ ತೀರಿಕೊಂಡ ಸುದ್ದಿ ನನಗೆ ಮೂರನೇ ದಿನ ಸಿಕ್ಕಿತು. ಅಷ್ಟರಲ್ಲಿ ಗ್ರೂಪಲ್ಲಿ ಬೆಂಗಳೂರಿನವರು ಕೈಮುಗಿದ ಚಿತ್ರ ಹಾಕಿ ಮುಗಿಸಿದ್ದರು.

ಲಾಕ್‌ಡೌನಲ್ಲಿ ಕೇಬಲ್ ಹುಡುಗನೊಬ್ಬ ಪೇಟೆಯಿಂದ ಕಂಬದ ಮೇಲೆ, ಆಮೇಲೆ ಅಡಿಕೆ ಮರದಿಂದ ಮರಕ್ಕೆ ಇಂಟರ್ನೆಟ್ ವೈರು ಎಳೆದ. ವೈರಿಗೆ ದುಡ್ಡು ಹಾಕಿದ್ದು ನಾವು. ಮಂಗ ಕಚ್ಚಿದರೆ ಹುಡುಕುವುದು, ಸೋಗೆ ಬಿದ್ದರೆ ದೋಟಿ ಹಿಡಿದು ಎತ್ತುವುದು ಕೂಡ ನಾವೇ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಹಳ್ಳಿಯವರು ಹೀಗೇ ಸ್ವಂತ ಜಾಲ ಶುರು ಮಾಡಿದರು. ಗೀಫಿ ಅಂತ ಅದರ ಹೆಸರು. ಜಗತ್ತೆಲ್ಲ ಮೆಚ್ಚಿತು. ನಮ್ಮಲ್ಲಿ ಒಬ್ಬರು ಜೀಪಲ್ಲಿ ಬಂದು, ಕಂಬದ ಮೇಲೆ ವೈರು ಹಾಕಲು ಯಾರ ಪರ್ಮಿಷನ್ ಅಂತ ಕೇಳಿದರು.

ಸರ್ಕಾರದ್ದೂ ಒಂದು ವೈರಿದೆ. 2011ರಲ್ಲಿ ಒಂದು ಹೆಸರಲ್ಲಿ ಹುಟ್ಟಿತು, 2015ರಲ್ಲಿ ಭಾರತ್‌ನೆಟ್ ಆಯಿತು. ಮಗು ನಡೆಯುವ ಮೊದಲೇ ಎರಡು ನಾಮಕರಣ. ಸುಮಾರು 2.5 ಲಕ್ಷ ಪಂಚಾಯಿತಿ ಮುಟ್ಟುವ ಗುರಿಯಂತೆ. ನಮ್ಮಲ್ಲಿಗೂ ಮುಟ್ಟಿದೆ. ಬೀರುವಿನ ಮೇಲೆ ಪೆಟ್ಟಿಗೆಯಿದೆ, ಅದರ ಮೇಲೆ ಗಣಪತಿ ಹಬ್ಬದ ರಸೀದಿ ಪುಸ್ತಕವಿದೆ.

ನಗು ಸಾಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬದ ಕ್ಯಾಸನೂರು ಕಾಡಲ್ಲಿ. ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ ಅನ್ನುತ್ತಾರೆ. ಎಲ್ಲಿಂದ ತಿಳಿಸುವುದು? ಜ್ವರ ಬಂದವಳನ್ನು ಮನೆಯಲ್ಲಿ ಬಿಟ್ಟು, 108ಕ್ಕೆ ಫೋನ್ ಮಾಡಲು ಕತ್ತಲಲ್ಲಿ ದರೆ ಹತ್ತಿ ನೋಡಿ, ಆಮೇಲೆ ಡಿಜಿಟಲ್ ಭಾಷಣ ಮಾಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ, ತೋಟ, ಮನೆ ಕೊಟ್ಟವರು ನಮ್ಮ ಜನ. ಆ ಕರೆಂಟಲ್ಲಿ ನಾಡೆಲ್ಲ ಬೆಳಗಿತು. ಅವರ ಮೊಮ್ಮಕ್ಕಳು ಹಿನ್ನೀರಿನ ದಡದಲ್ಲಿ ನಿಂತು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡು ಹಿಡಿಯಬೇಕಾಯಿತು. ಹೇಳಿ ಹೇಳಿ ಬಾಯಿ ಒಣಗಿದೆ.

ಅಂದಹಾಗೆ, ನನ್ನ ದೂರಿಗೆ ಉತ್ತರ ಬಂದಿದೆ. ನಿನ್ನೆ ಡೇರಿ ಹತ್ತಿರ ಸಿಕ್ಕಿತು. 'ನಿಮ್ಮನ್ನು ಮೂರು ಬಾರಿ ಸಂಪರ್ಕಿಸಲು ಪ್ರಯತ್ನಿಸಿದೆವು. ನಿಮ್ಮ ನಂಬರ್ ವ್ಯಾಪ್ತಿ ಪ್ರದೇಶದಿಂದ ಹೊರಗಿತ್ತು. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.'