ಕಾಣಕೋಣದ ಬಂಡೆದಂಡೆಯಲ್ಲಿ ಟೆಂಟ್ ರಾತ್ರಿ: ಬೇಕೇ, ಬೇಡವೇ?

ದಕ್ಷಿಣ ಗೋವಾದ ಕಾಣಕೋಣ ತಾಲೂಕಿನಲ್ಲಿ, ಕಾಬೊ ದ ರಾಮದ ಕೋಟೆಯಿಂದ ಕರ್ನಾಟಕದ ಗಡಿಗೆ ಹತ್ತಿದ ಪೊಳೆಂವರೆಗೆ ರಸ್ತೆ ಮುಟ್ಟದ, ಅಂಗಡಿಯಾಗಲಿ ಶ್ಯಾಕ್ (ದಂಡೆಯ ಊಟದ ಗುಡಿಸಲು) ಆಗಲಿ ಇಲ್ಲದ ಸಣ್ಣ ಸಣ್ಣ ಕಡಲ ಮೂಲೆಗಳಿವೆ. ನೀರು, ಊಟ, ಟೆಂಟ್ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಹೋಗಿ ಅಲ್ಲಿ ರಾತ್ರಿ ಕಳೆಯುವುದು ಸರಿಯೇ? ಪರ ಬರೆದವರು ಮಡಗಾಂವಿನ ಕನ್ನಡಿಗರು, ವಿರೋಧ ಬರೆದವರು ವಾಸ್ಕೋದವರು.

ಪರ: ಹೊತ್ತು ತಂದದ್ದಷ್ಟೇ ಮನೆ

ಪುಣೆ, ಮುಂಬೈಯ ನಮ್ಮ ಜನಕ್ಕೆ ಟೆಂಟ್ ಅಂದಕೂಡಲೇ ಪವನಾ ಕೆರೆಯ ದಂಡೆಯೋ ಅಲಿಬಾಗದ ತೋಟವೋ ಕಣ್ಣಿಗೆ ಬರುತ್ತದೆ. ಸಾಲಾಗಿ ಕಟ್ಟಿಟ್ಟ ಬಾಡಿಗೆ ಟೆಂಟು, ಬಣ್ಣದ ಬಲ್ಬಿನ ಮಾಲೆ, ಮಧ್ಯರಾತ್ರಿಯವರೆಗೆ ಸ್ಪೀಕರ್. ನಾನು ಪರ ವಹಿಸುವುದು ಅದರದ್ದಲ್ಲ. ನೀರಿನ ನಲ್ಲಿ, ಕರೆಂಟು, ಶೌಚಾಲಯ ಯಾವುದೂ ಇಲ್ಲದ ಕಡೆ ಇಬ್ಬರು-ಮೂವರು ಹೋಗಿ, ಒಯ್ದದ್ದನ್ನೆಲ್ಲ ಮರಳಿ ತರುವ ವಾಸ ಇದು. ಕಡಲನ್ನು ಬರಿ ಸಂಜೆಯ ಸೂರ್ಯಾಸ್ತಕ್ಕೆ ನೋಡುವವನಿಗೆ ಅದರ ಅರ್ಧ ಮಾತ್ರ ಗೊತ್ತು. ಉಳಿದರ್ಧ ರಾತ್ರಿಯದು.

ಮೊದಲು ತಿಥಿ ನೋಡಬೇಕು. ಕೊಂಕಣದ ಮೀನುಗಾರರು ಇವತ್ತಿಗೂ ಬಳಸುವ ಲೆಕ್ಕ ಹೀಗಿದೆ: ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಭರತಿಯ, ಅಂದರೆ ಉಬ್ಬರದ, ಗಂಟೆ ಸಿಗುತ್ತದೆ. ಅಷ್ಟಮಿಗೆ ಎಂಟು ಮೂರಲೆ ಇಪ್ಪತ್ತನಾಲ್ಕು, ಭಾಗ ನಾಲ್ಕು, ಆರು. ಅಂದರೆ ಬೆಳಿಗ್ಗೆ ಆರು ಮತ್ತು ಸಂಜೆ ಆರರ ಆಸುಪಾಸು ತುಂಬು ಭರತಿ. ಹುಣ್ಣಿಮೆ-ಅಮಾವಾಸ್ಯೆಗೆ ಅದು ನಡುಹಗಲು, ನಡುರಾತ್ರಿಗೆ ಬಂದು ನಿಲ್ಲುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇದು ಅಂದಾಜಿನ ಲೆಕ್ಕ. ಹೊರಡುವ ಮುನ್ನ ಮುರ್ಮುಗೋವಾದ ಭರತಿ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ, ಏಕೆಂದರೆ ಗುಡ್ಡ ಇಳಿದ ಮೇಲೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ.

ಹುಣ್ಣಿಮೆಯ ದಿನಗಳಲ್ಲಿ ಗೋವಾದಲ್ಲಿ ಭರತಿ-ಇಳಿತದ ಅಂತರ 2 ಮೀಟರಿನ ಆಸುಪಾಸು. ಮುಂಬೈಯಲ್ಲಿ 4ರಿಂದ 5 ಮೀಟರ್. ಎರಡು ಮೀಟರ್ ಕಡಿಮೆ ಅನಿಸಬಹುದು. ಆದರೆ 20 ಮೀಟರ್ ನಡೆದರೆ ಒಂದು ಮೀಟರ್ ಏರುವ ದಂಡೆಯಲ್ಲಿ ಅಷ್ಟು ನೀರು 40 ಮೀಟರ್ ಮರಳನ್ನು ನುಂಗುತ್ತದೆ. ಇನ್ನೊಂದು ಮಾತು: ಒಂದೇ ದಿನದ ಎರಡು ಭರತಿಗಳು ಸಮನಲ್ಲ. ಮುಂಬೈ ಕಡೆ ಡಿಸೆಂಬರಿನಲ್ಲಿ ರಾತ್ರಿಯ ಭರತಿಯೇ ಹಗಲಿನದಕ್ಕಿಂತ ದೊಡ್ಡದು. ಮಧ್ಯಾಹ್ನ ಒದ್ದೆಯಾದ ಗೆರೆ ನೋಡಿ ಅದರಿಂದ ನಾಲ್ಕು ಹೆಜ್ಜೆ ಮೇಲೆ ಟೆಂಟ್ ಹಾಕಿದವರ ಚಪ್ಪಲಿ ತೇಲುವುದು ಇದೇ ಕಾರಣಕ್ಕೆ. ನೋಡಬೇಕಾದದ್ದು ಒದ್ದೆ ಗೆರೆಯನ್ನಲ್ಲ, ಒಣಗಿದ ಕಸದ ಗೆರೆಯನ್ನು. ಅದಕ್ಕಿಂತಲೂ ಮೇಲೆ, ನೇರಳೆ ಹೂವಿನ ಅಡಂಬು ಬಳ್ಳಿ ಹಬ್ಬಿದ ಕಡೆಯಿಂದ ಆಚೆ ಜಾಗ ಹುಡುಕಿ. ಉಪ್ಪುನೀರು ದಿನವೂ ಏರುವ ಕಡೆ ಬಳ್ಳಿ ಬೇರು ಬಿಡುವುದಿಲ್ಲ. ಹಾಗಂತ ಹಿಂದೆ ಸರಿದು ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಗುಡ್ಡದ ಗೋಡೆಗೆ ಒರಗಿಕೊಳ್ಳಬೇಡಿ. ಅಲೆ ಬುಡ ಕೊರೆದ ಕಲ್ಲು ಮೇಲಿನಿಂದ ಹೋಳು ಹೋಳಾಗಿ ಬೀಳುತ್ತದೆ. ಬುಡದಲ್ಲಿ ಹೊಸ ಕೆಂಪು ಹೋಳುಗಳು ಕಂಡರೆ ಆ ಜಾಗ ಬಿಡಿ. ತೆಂಗಿನ ಮರದ ಕೆಳಗೆ ಬೇಡ ಅನ್ನುವುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಈಗ ಟೆಂಟನ್ನು ನಿಲ್ಲಿಸುವ ಕೆಲಸ. ಟೆಂಟಿನ ಜೊತೆ ಬರುವ ಗೇಣುದ್ದದ ಗೂಟಗಳು ಮರಳಿನಲ್ಲಿ ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿದಂತೆ. ಅವನ್ನು ಮನೆಯಲ್ಲೇ ಬಿಟ್ಟು ಆರೆಂಟು ಸಣ್ಣ ಬಟ್ಟೆ ಚೀಲ ಒಯ್ಯಿರಿ, ಐದು ಕೆಜಿ ಅಕ್ಕಿ ಹಿಡಿಯುವಷ್ಟು ದೊಡ್ಡವು. ಮುಕ್ಕಾಲು ಮರಳು ತುಂಬಿ ಬಾಯಿ ಕಟ್ಟಿ, ಅದೇ ಕುತ್ತಿಗೆಗೆ 3 ಮಿಲಿಮೀಟರ್ ದಾರ ಬಿಗಿಯಿರಿ. ಮೊಣಕೈಯವರೆಗೆ, ಅಂದರೆ ಸುಮಾರು 45 ಸೆಂಟಿಮೀಟರ್ ಆಳದ ಕುಣಿ ತೋಡಿ ಚೀಲ ಇಳಿಸಿ. ಇಲ್ಲಿ ಹೆಚ್ಚಿನವರು ತಪ್ಪುವ ಒಂದು ಹಂತವಿದೆ: ಕುಣಿಯಿಂದ ಟೆಂಟಿನ ದಿಕ್ಕಿಗೆ ಓರೆಯಾಗಿ ಒಂದು ಸಣ್ಣ ಕಾಲುವೆ ಗೀರಿ, ದಾರ ಚೀಲದಿಂದ ಟೆಂಟಿನವರೆಗೆ ನೆಟ್ಟಗೆ ಬರಬೇಕು. ಕಾಲುವೆ ಗೀರದಿದ್ದರೆ ದಾರ ಕುಣಿಯಿಂದ ನೇರ ಮೇಲಕ್ಕೆ ಬಂದು ಆಮೇಲೆ ಬಾಗುತ್ತದೆ. ರಾತ್ರಿ ಗಾಳಿ ಎಳೆದಾಗ ಆ ಬಾಗು ಮರಳನ್ನು ಕೊಯ್ದು ನೆಟ್ಟಗಾಗುತ್ತದೆ, ದಾರ ಸಡಿಲಾಗುತ್ತದೆ, ಮೇಲಿನ ಬಟ್ಟೆ ಪಟಪಟ ಹೊಡೆಯಲು ಶುರು. ಮರಳು ಮುಚ್ಚಿ, ಒಂದು ತಂಬಿಗೆ ಕಡಲ ನೀರು ಸುರಿದು ತುಳಿಯಿರಿ. ಒದ್ದೆ ಮರಳು ಒಣ ಮರಳಿಗಿಂತ ಎಷ್ಟೋ ಗಟ್ಟಿ.

ಚೀಲ ಎರಡೂ ಬದಿಗೆ ಬೇಕು. ಸಂಜೆ ಟೆಂಟ್ ಕಟ್ಟುವಾಗ ಬೀಸುವುದು ಪಡುವಣ ಗಾಳಿ. ಆಗ ಕಡಲ ಬದಿಗೆ ಮಾತ್ರ ಬಿಗಿಯಾಗಿ ಕಟ್ಟಿ ಮಲಗುತ್ತಾರೆ. ಬೆಳಗಿನ ಜಾವಕ್ಕೆ ಘಟ್ಟದ ಕಡೆಯಿಂದ ತಣ್ಣನೆಯ ಮೂಡಣ ಗಾಳಿ ಇಳಿದು, ಕಟ್ಟದ ಬದಿಯಿಂದ ಟೆಂಟನ್ನು ಎತ್ತುತ್ತದೆ. ನೆಲಹಾಸು ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿಕೊಂಡರೆ ಬಟ್ಟೆಯಿಂದ ಇಳಿದ ಇಬ್ಬನಿ ಅದರ ಮೇಲೆ ನಿಂತು ಬೆನ್ನ ಕೆಳಗೆ ಬರುತ್ತದೆ. ಡಿಸೆಂಬರಿನ ರಾತ್ರಿ 20 ಡಿಗ್ರಿಯ ಆಸುಪಾಸು ಇರುತ್ತದೆ, ತೆಳು ಹೊದಿಕೆ ಸಾಕು. ಕೌದಿ ಬೇಡ, ಇಬ್ಬನಿ ಕುಡಿದರೆ ಹೊರಲಾರಿರಿ.

ಇನ್ನು ನೀರು. ತಲೆಗೆ ದಿನಕ್ಕೆ 4 ಲೀಟರ್. ಇಬ್ಬರಿಗೆ ಎರಡು ದಿನಕ್ಕೆ 16 ಲೀಟರ್, ಅಂದರೆ 16 ಕೆಜಿ. ಒಂದೇ ಕ್ಯಾನಿನಲ್ಲಿ ತುಂಬಬೇಡಿ. ಎರಡು ಲೀಟರಿನ ಬಾಟಲಿಗಳಾದರೆ ಒಂದು ಸೋರಿದರೂ ಉಳಿದವು ಇರುತ್ತವೆ. ಚಿರೆಕಲ್ಲಿನ ಬುಡದಲ್ಲಿ ಜಿನುಗುವ ಝರಿಯನ್ನು ನಂಬಿ ಹೋಗಬೇಡಿ, ನವೆಂಬರಿನಲ್ಲಿದ್ದದ್ದು ಫೆಬ್ರವರಿಗೆ ಬತ್ತುತ್ತದೆ.

ಒಲೆ ಬೇಡವೇ ಬೇಡ. ಪ್ರವಾಸಿ ತಾಣದ ಬಯಲಲ್ಲಿ ಅಡುಗೆ ಮಾಡುವುದನ್ನು ಗೋವಾ 2019ರಲ್ಲೇ ನಿಷೇಧಿಸಿದೆ, ಅದು ಸರಿಯೂ ಹೌದು. ನಮಗೆ ಅದರಿಂದ ನಷ್ಟವಿಲ್ಲ. ಬೆಂಕಿ ಇಲ್ಲದೆ ಮೂರು ದಿನ ಉಣ್ಣುವ ಊಟ ಉತ್ತರ ಕರ್ನಾಟಕದವರ ಮನೆಯಲ್ಲಿ ಸದಾ ಇರುತ್ತದೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಹಚ್ಚಿದ ಅವಲಕ್ಕಿ. ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಿ. ಕಡಲ ಗಾಳಿಗೆ ಒಂದು ತಾಸು ಬಿಟ್ಟರೂ ಮೆತ್ತಗಾಗುತ್ತದೆ.

ಬೇಡ ಅನ್ನುವವರು ಹಾವು, ಅಲೆ, ಕತ್ತಲೆ ಎಂದು ಹೆದರಿಸುತ್ತಾರೆ. ಅವರ ಮಾತು ಕೇಳಿದರೆ ಮನೆಯ ಬಾಲ್ಕನಿಯಲ್ಲೂ ಕೂರುವಂತಿಲ್ಲ. ಆಮೆಯ ಮಾತೂ ಬರುತ್ತದೆ. ಕಡಲಾಮೆ ಮೊಟ್ಟೆಯಿಡಲು ಬರುವುದು ಅಗೊಂದ, ಗಾಲ್ಜಿಬಾಗದಂಥ ಉದ್ದ ಮರಳಿನ ದಂಡೆಗೆ. ನಾವು ಹೋಗುವುದು ಬಂಡೆಗಳ ನಡುವಿನ ಮೂಲೆಗೆ. ನಿಜವಾಗಿ ದಂಡೆಗೆ ಹೊರೆಯಾದದ್ದು ರಾತ್ರಿಯಿಡೀ ಉರಿಯುವ ದೀಪಗಳ ಸಾಲು ಮತ್ತು ಕೆಡಹದೆ ಬಿಟ್ಟ ಕಾಂಕ್ರೀಟು. ಬಟ್ಟೆಯ ಟೆಂಟ್ ಬೆಳಿಗ್ಗೆ ಮಡಚಿದರೆ ಹಿಂದೆ ಉಳಿಯುವುದು ಒಂದು ಚೌಕದ ಗುರುತು, ಅದೂ ಗಾಳಿಗೆ ಮಧ್ಯಾಹ್ನದೊಳಗೆ ಅಳಿಯುತ್ತದೆ.

ಅಮಾವಾಸ್ಯೆಯ ಹಿಂದೆ-ಮುಂದೆ ಟಾರ್ಚು ಆರಿಸಿ ಇಳಿತದ ಒದ್ದೆ ಮರಳಿನ ಮೇಲೆ ನಡೆದು ನೋಡಿ. ಅದೃಷ್ಟವಿದ್ದ ರಾತ್ರಿ ಹೆಜ್ಜೆ ಊರಿದಲ್ಲೆಲ್ಲ ನೀಲಿ ಕಿಡಿ ಏಳುತ್ತದೆ. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಒತ್ತಿದಾಗ ಬೆಳಗುತ್ತವೆ. ಹಿಮ್ಮಡಿ ಎತ್ತಿದ ಮೇಲೂ ಆ ಬೆಳಕು ಒಂದು ಕ್ಷಣ ಅಲ್ಲೇ ನಿಂತಿದ್ದು ಆರುತ್ತದೆ.

ವಿರೋಧ: ಅದೇ ಮರಳು, ಅದೇ ಆಳ

ನನಗೆ ವಹಿಸಿದ ಪಕ್ಷ ವಿರೋಧದ್ದು. ಚೀಲ ಹೂಳುವ ರೀತಿ, ಗಾಳಿ ತಿರುಗುವ ಮಾತು, ಭರತಿಯ ಲೆಕ್ಕ, ಯಾವುದರಲ್ಲೂ ನನಗೆ ತಕರಾರಿಲ್ಲ. ಹೋಗುವುದಾದರೆ ಹಾಗೆಯೇ ಹೋಗಬೇಕು. ಆದರೂ ಹೋಗಬಾರದು ಅನ್ನುವುದಕ್ಕೆ ಕಾರಣಗಳಿವೆ.

ಮೊದಲನೆಯದು ನೆರವು. ಗೋವಾದ ದೊಡ್ಡ ದಂಡೆಗಳಲ್ಲಿ ಜೀವರಕ್ಷಕರಿದ್ದಾರೆ. ಈ ಮೂಲೆಗಳಲ್ಲಿ ಇಲ್ಲ. ಕೋಸ್ಟ್ ಗಾರ್ಡಿನ 1554, ಆಂಬುಲೆನ್ಸಿನ 108, ಎಲ್ಲಕ್ಕೂ ಸಿಗ್ನಲ್ ಬೇಕು. ಬೇರೆ ದೇಶಗಳ ಕಡಲ ಕಾಡಿಗೆ ಹೋಗುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರ ಒಯ್ಯುತ್ತಾರೆ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗೋವಾದ ವಿಮಾನ ನಿಲ್ದಾಣದಲ್ಲಿ ಅಂಥ ಯಂತ್ರದೊಂದಿಗೆ ಸಿಕ್ಕಿಬಿದ್ದವರ ಮೇಲೆ ಪ್ರಕರಣವಾಗಿದೆ. ಹಾಗಾಗಿ ಕಾಲು ಉಳುಕಿದರೂ ಒಬ್ಬರು ಗುಡ್ಡ ಹತ್ತಿ ಸಿಗ್ನಲ್ ಹುಡುಕಬೇಕು, ಅದೂ ಕತ್ತಲಲ್ಲಿ. ಚಿರೆಕಲ್ಲಿನ ಸಂದಿಗಳು ವಿಷದ ಫುರ್ಸೆ (ಗರಗಸ ಮಂಡಲ) ಹಾವಿನ ಮನೆ. ಗೇಣೆರಡು ಗೇಣಿನ ಹಾವು, ಇರುಳಲ್ಲೇ ಓಡಾಟ. ಅದರ ಕಡಿತಕ್ಕೆ ಆಸ್ಪತ್ರೆಯಲ್ಲಿ ಮದ್ದಿದೆ. ಬಲೆಯಿಂದ ಬಿದ್ದು ದಂಡೆಗೆ ಬರುವ ಕಡಲ ಹಾವಿನ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಆ ಮದ್ದು ನಾಟುವುದಿಲ್ಲ.

ಎರಡನೆಯದು ಅಲೆ. ಭರತಿ ಪಟ್ಟಿ ಚಂದ್ರ-ಸೂರ್ಯರ ಲೆಕ್ಕ ಹೇಳುತ್ತದೆ, ಅಲೆಯದ್ದನ್ನಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ದಕ್ಷಿಣ ಮಹಾಸಾಗರದ ಬಿರುಗಾಳಿಯ ಉಬ್ಬು ಸಾವಿರಾರು ಮೈಲಿ ದಾಟಿ, ಇಲ್ಲಿ ಗಾಳಿಯೇ ಇಲ್ಲದ ದಿನ ದಂಡೆಗೆ ನುಗ್ಗುತ್ತದೆ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ, ಆದರೆ ಅದೂ ಮೊಬೈಲಿಗೇ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಆ ದಿನಗಳ ಮಾತು ಬಿಡಿ.

ಇದೆಲ್ಲ ಮನುಷ್ಯರ ಪಾಡು, ಹೋಗುವವರೇ ಹೊಣೆ ಅನ್ನಬಹುದು. ನಾನು ಪೂರ್ತಿ ಮನಸ್ಸಿನಿಂದ ವಿರೋಧಿಸುವುದು ಆಮೆಯ ಕಾರಣಕ್ಕೆ. ಉದ್ದ ದಂಡೆಗೆ ಮಾತ್ರ ಆಮೆ ಬರುತ್ತದೆ ಅನ್ನುವುದು ಸರಿಯಲ್ಲ. ಮೋರ್ಜಿ, ಮಾಂದ್ರೆ, ಅಗೊಂದ, ಗಾಲ್ಜಿಬಾಗ ಅರಣ್ಯ ಇಲಾಖೆ ಕಾಯುವ ದಂಡೆಗಳು. ಬಂಡೆಗಳ ನಡುವೆ ಇಪ್ಪತ್ತು ಮೀಟರ್ ಮರಳಿದ್ದರೂ ಅದು ಮರಳೇ, ಮತ್ತು ಅಲ್ಲಿ ಕಾಯುವವರಿಲ್ಲ.

ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಟೆಂಟಿನವರ ಹಂಗಾಮೂ ಅದೇ. ರಾತ್ರಿ ಕಡಲಿನಿಂದ ಎದ್ದು, ಕಸದ ಗೆರೆ ದಾಟಿ, ಭರತಿ ಮುಟ್ಟದ ಒಣ ಮರಳಿಗೆ ತೆವಳುತ್ತದೆ. ಪರ ಬರೆದವರು ಟೆಂಟಿಗೆ ತೋರಿಸಿದ ಜಾಗವೂ ಅದೇ. ದೋಣಿಯ ಹುಟ್ಟಿನಂಥ ಹಿಂಗಾಲುಗಳನ್ನು ಒಂದಾದ ಮೇಲೊಂದು ಸೌಟಿನಂತೆ ಬಾಗಿಸಿ, ಮರಳನ್ನು ಚೂರು ಚೂರಾಗಿ ಎತ್ತಿ ಪಕ್ಕಕ್ಕಿಟ್ಟು, ಬಾಯಿ ಕಿರಿದಾದ ಹೂಜಿಯ ಆಕಾರದ ಕುಣಿ ತೋಡುತ್ತದೆ. ಅದರ ಆಳ ಸುಮಾರು 45 ಸೆಂಟಿಮೀಟರ್, ಚೀಲ ಹೂಳಿ ಅಂದದ್ದೂ ಅಷ್ಟೇ ಆಳಕ್ಕೆ. ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಮೈಯಿಂದ ತಟ್ಟಿ ಸಮ ಮಾಡಿ ಹೋಗುತ್ತದೆ. ಎರಡು ದಿನ ಗಾಳಿ ಬೀಸಿದರೆ ಮೇಲೆ ಯಾವ ಗುರುತೂ ಇರುವುದಿಲ್ಲ. ಮರಿ ಹೊರಬರಲು 45ರಿಂದ 60 ದಿನ ಬೇಕು. ಅಷ್ಟು ದಿನದಲ್ಲಿ ಆರು ಕುಣಿ ತೋಡಿ, ನೀರು ಸುರಿದು ತುಳಿಯುವವರು ಎಷ್ಟು ಜನ ಬಂದು ಹೋದರೋ. ಮರಿಗಳು ರಾತ್ರಿ ಎದ್ದು ಬೆಳಕಿರುವ ಕಡೆ ಓಡುತ್ತವೆ, ಅವುಗಳ ಮಟ್ಟಿಗೆ ಬೆಳಕು ಅಂದರೆ ಕಡಲು. ಟೆಂಟಿನೊಳಗೆ ಒಂದು ಬಿಳಿ ದೀಪವಿದ್ದರೂ ಇಡೀ ಬಟ್ಟೆ ಲಾಟೀನಾಗಿ ಹೊಳೆಯುತ್ತದೆ.

ಶ್ಯಾಕಿನ ದೀಪ ಇದಕ್ಕಿಂತ ಕೆಟ್ಟದ್ದು ಅನ್ನುವ ವಾದಕ್ಕೆ ಹೇಳುವುದಿಷ್ಟೇ: ಇಬ್ಬರು ಬಂದ ಜಾಗದ ಫೋಟೋ ನೋಡಿ ಮುಂದಿನ ವಾರ ಇಪ್ಪತ್ತು ಜನ ಬರುತ್ತಾರೆ, ಸ್ಪೀಕರ್ ಹಿಡಿದು, ಬಾಟಲಿ ಹಿಡಿದು. ಅವರು ಕಟ್ಟಿಗೆ ಹೊತ್ತಿಸಿ ಕೆಂಡದ ಮೇಲೆ ಮರಳು ಮುಚ್ಚಿ ಹೋಗುತ್ತಾರೆ. ಮುಚ್ಚಿದ ಕೆಂಡ ತಾಸುಗಟ್ಟಲೆ ಆರುವುದಿಲ್ಲ. ಬೆಳಿಗ್ಗೆ ಬರಿಗಾಲಲ್ಲಿ ಬಲೆ ಎಳೆಯಲು ಬಂದ ಮೀನುಗಾರನ ಪಾದ ಸುಡುತ್ತದೆ.

ಶೌಚದ ಮಾತನ್ನೇ ಪರ ಬರೆದವರು ಎತ್ತಲಿಲ್ಲ. ಕಾಡಿನ ಮಣ್ಣಿನಲ್ಲಿ 15ರಿಂದ 20 ಸೆಂಟಿಮೀಟರ್ ಅಗೆದು ಹೂತರೆ ಕೊಳೆಯುತ್ತದೆ. ಮರಳಿನಲ್ಲಿ ಕೊಳೆಯಲು ಬೇಕಾದ ಜೀವಾಣುಗಳು ತೀರ ಕಡಿಮೆ, ಮುಂದಿನ ದೊಡ್ಡ ಭರತಿಗೆ ಮೇಲೆ ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ವಾಪಸು ಹೊತ್ತು ತರಲು ತಯಾರಿಲ್ಲದವರು ಅಲ್ಲಿ ಮಲಗಬಾರದು.

ಹೋಗಲೇಬೇಕೆಂದರೆ ಮರಳು ಬಿಟ್ಟು ಮೇಲಿನ ಚಿರೆಕಲ್ಲಿನ ಬಯಲಿಗೆ ಹೋಗಿ. ಅದು ಕೊಮುನಿದಾದ್ (ಊರೊಟ್ಟಿನ) ಜಮೀನೋ, ಖಾಸಗಿಯೋ, ಅರಣ್ಯದ್ದೋ ಎಂದು ಊರಿನಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ. ಅಲ್ಲಿ ಗೂಟವೂ ಇಳಿಯುವುದಿಲ್ಲ, ಚೀಲವೂ ಬೇಡ. ದಾರದ ತುದಿಯನ್ನು ಮುಷ್ಟಿಗಾತ್ರದ ಕಲ್ಲಿಗೆ ಸುತ್ತಿ, ಅದರ ಮುಂದೆ ದಾರದ ಮೇಲೆ ದೊಡ್ಡ ಕಲ್ಲು ಹೇರಿ. ಎಳೆತ ಬಂದಾಗ ಸಣ್ಣ ಕಲ್ಲು ದೊಡ್ಡದಕ್ಕೆ ತಗುಲಿ ನಿಲ್ಲುತ್ತದೆ. ಚಿರೆಕಲ್ಲು ಅರದಂತೆ ದಾರ ಸವೆಸುತ್ತದೆ, ಮುಟ್ಟುವ ಕಡೆ ಹಳೆ ಬಟ್ಟೆ ಸುತ್ತಿ. ಕಲ್ಲು ಎತ್ತುವ ಮುಂಚೆ ಕೋಲಿನಿಂದ ಮಗುಚಿ ನೋಡಿ, ಕೈ ಹಾಕಬೇಡಿ. ಡಿಸೆಂಬರಿಗೆ ಅಲ್ಲಿನ ಹುಲ್ಲು ಒಣಗಿರುತ್ತದೆ, ಬೀಡಿಯ ಕಿಡಿಯೂ ಸಾಕು.