94ಕ್ಕೇ ಪಟ್ಟು ಹಿಡಿದ ರೂಟರ್

ಮನೆಯಲ್ಲಿ ಬಾಯಿಲ್ಲದ್ದು ಅಂದರೆ ರೂಟರ್ ಒಂದೇ. ಹಾಗಾಗಿ ಎಲ್ಲ ಅಪವಾದವೂ ಅದರ ತಲೆಗೇ. ವಿಡಿಯೊ ಕಾಲ್‌ನಲ್ಲಿ ಎದುರಿನವರ ಮುಖ ಅರ್ಧ ಬಾಯಿ ತೆರೆದುಕೊಂಡೇ ನಿಂತುಬಿಟ್ಟರೆ ರೂಟರ್ ತಪ್ಪು. ಮಗನ ಹೋಂವರ್ಕ್ ಅಪ್‌ಲೋಡ್ ಆಗದಿದ್ದರೂ ಅದರದೇ ತಪ್ಪು. ಆ ಹೋಂವರ್ಕನ್ನು ಅವನು ಬರೆದೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಗುವ ವಿಷಯ. ಪಾಪ, ಅದು ಟಿವಿ ಹಿಂದೆ ಹಸಿರು ದೀಪ ಮಿಣುಕಿಸುತ್ತಾ ಸುಮ್ನೆ ಕೂತಿರುತ್ತದೆ.

ಈ ಸಲ ಅದರ ಮೇಲೆ ಬಂದ ಆರೋಪ ಸ್ವಲ್ಪ ಗಂಭೀರವಾಗಿತ್ತು. ಇಂಟರ್‌ನೆಟ್ ಪ್ಲಾನನ್ನು 100 ಎಂಬಿಪಿಎಸ್‌ನಿಂದ, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನಿಂದ, 300ಕ್ಕೆ ಏರಿಸಿದ್ದೆವು. ಇನ್ನು ಮೇಲೆ ಮಿಂಚಿನ ವೇಗ ಅಂತ ಮೆಸೇಜೂ ಬಂತು. ನಮ್ಮನೆಯವರು ಸೋಫಾದಲ್ಲಿ ಕಾಲು ಚಾಚಿ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದರು. ಮುಳ್ಳು ಏರಿತು, ಇಳಿಯಿತು, ಮತ್ತೆ ಏರುವ ಮನಸ್ಸು ಮಾಡಿತು, ಕೊನೆಗೆ 38ರಲ್ಲಿ ನಿಂತಿತು.

"ಹಳೇ ಪ್ಲಾನಲ್ಲಿ 40 ಬರ್ತಿತ್ತು ಕಣೇ" ಅಂದರು.

ಮೂರು ಪಟ್ಟು ವೇಗಕ್ಕೆ ದುಡ್ಡು ಕೊಟ್ಟು ಇದ್ದ ಎರಡನ್ನೂ ಕಳಕೊಂಡಿದ್ದೆವು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ ಅಂದರು. ಈ ಮಾತನ್ನು ಎಲ್ಲರೂ ಗೇಲಿ ಮಾಡುತ್ತಾರೆ. ನಾನು ಮಾಡುವುದಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡಿದ ರೂಟರ್‌ನ ಮೆಮೊರಿಯಲ್ಲಿ ಸೇರಿಕೊಂಡ ಹಳೇ ಕಸವೆಲ್ಲ ಆಗ ಖಾಲಿಯಾಗುತ್ತದೆ. ವೈಫೈ ಚಾನೆಲ್ ಆಟೊದಲ್ಲಿದ್ದರೆ ಅದನ್ನೂ ಹೊಸದಾಗಿ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನಮ್ಮದು ಹೋಗಲಿಲ್ಲ, ಅಷ್ಟೇ. "ನಮ್ಮ ಕಡೆಯಿಂದ ಎಲ್ಲ ಕ್ಲಿಯರ್ ಇದೆ ಮೇಡಂ, ನಿಮ್ಮ ಕಡೆ ಚೆಕ್ ಮಾಡಿಸಿ" ಅಂದು ಫೋನಿಟ್ಟರು. ನಮ್ಮ ಕಡೆ ಅಂದರೆ ನಾನು.

ಮೊದಲು ಸಲಹೆ ಕೊಟ್ಟವರು ಅತ್ತೆ. "ಅದನ್ನ ಟಿವಿ ಹಿಂದೆ ತುರುಕಿದೀರಲ್ಲೇ, ಗಾಳಿ ಆಡೋದು ಬೇಡ್ವಾ ಅದಕ್ಕೆ?" ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಯಾರನ್ನೂ ಕಾಯಲೂ ಇಲ್ಲ. ಮಧ್ಯಾಹ್ನ ಮೊಮ್ಮಗನ ಕೈಲಿ ರೂಟರನ್ನು ಎತ್ತಿಸಿ ಶೋಕೇಸಿನ ತಲೆ ಮೇಲೆ ಇಡಿಸಿದರು. ಸಂಜೆ ನೋಡಿದರೆ ವೇಗ 50 ದಾಟಿತ್ತು! ಟಿವಿಯೊಳಗಿನ ಲೋಹದ ತಗಡು ಸಿಗ್ನಲ್ಲಿಗೆ ಅಡ್ಡ ಬರುತ್ತದೆ, ಹಿಂದೆ ಕಿಷ್ಕಿಂಧೆಯಂಥ ಜಾಗದಲ್ಲಿ ರೂಟರ್ ಬಿಸಿಯೂ ಆಗುತ್ತದೆ. ಎತ್ತರದಲ್ಲಿ, ಬಯಲಿನಲ್ಲಿ ಇಟ್ಟರೆ ಒಳ್ಳೆಯದು. ಅತ್ತೆ ಅದನ್ನೇ ಗಾಳಿ ಅಂದಿದ್ದರು. ಅವತ್ತಿನಿಂದ ನಮ್ಮನೆಯಲ್ಲಿ ಮಿಕ್ಸಿ ಕೆಟ್ಟರೂ ಮೊದಲು ಅವರ ಅಭಿಪ್ರಾಯ ಕೇಳಬೇಕಾಗಿದೆ.

ಆಮೇಲೆ ವೈಫೈ ಸರದಿ. ನಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ತರಂಗಪಟ್ಟಿಗಳಲ್ಲಿ ವೈಫೈ ಬಿಡುತ್ತದೆ. ನಮ್ಮ ಮೊಬೈಲುಗಳೆಲ್ಲ 2.4ಕ್ಕೆ ಅಂಟಿಕೊಂಡಿದ್ದವು. ಇದು ಗೋಡೆ ದಾಟಿ ದೂರ ಹೋಗುತ್ತದೆ, ಅದೇ ಇದರ ಗುಣ. ಅಕ್ಕಪಕ್ಕದ ಮನೆಗಳ ಸಿಗ್ನಲ್ಲೂ ಅದೇ ಗುಣದಿಂದ ನಮ್ಮ ಹಾಲ್‌ಗೆ ಬಂದು ಕೂರುತ್ತದೆ. ಒಂದರ ಮೇಲೊಂದು ಬೀಳದೆ ಇರುವ ಚಾನೆಲ್ ಅಂತ ಅದರಲ್ಲಿ ಇರುವುದು 1, 6, 11, ಈ ಮೂರೇ. ನಾನು ನೋಡಿದಾಗ 6ರಲ್ಲಿ ಜಾತ್ರೆ ನೆರೆದಿತ್ತು. ಸಾಲದ್ದಕ್ಕೆ ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45ರ ಆಸುಪಾಸಿನಲ್ಲೇ. ಅಡುಗೆಮನೆಯಲ್ಲಿ ಅದು ಗುಂಯ್ ಅಂದರೆ ಹಾಲ್‌ನಲ್ಲಿ ವಿಡಿಯೊ ಗಿರಕಿ ಹೊಡೆಯುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು.

ಇನ್ನೊಬ್ಬ ಆರೋಪಿ ನಮ್ಮ ಹಳೇ ಪ್ರಿಂಟರ್. ವೈಫೈ ಅನ್ನುವುದು ಒಂದೇ ಮೈಕ್ ಇರುವ ಸಭೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ನಿಧಾನವಾಗಿ ಎಳೆದೆಳೆದು ಮಾತಾಡುವವರ ಕೈಗೆ ಮೈಕ್ ಸಿಕ್ಕರೆ ಆ ಸಭೆಯ ಗತಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪ್ರಿಂಟರನ್ನು 2.4ರಲ್ಲೇ ಬಿಟ್ಟು, ಮೊಬೈಲು, ಟಿವಿ, ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸಿದೆ. ಎರಡಕ್ಕೂ ಒಂದೇ ಹೆಸರಿದ್ದರೆ ಮೊಬೈಲು ತನಗೆ ಬೇಕಾದ ಕಡೆ ಹೋಗಿ ಕೂರುತ್ತದೆ ಅಂತ ಬೇರೆ ಬೇರೆ ಹೆಸರಿಟ್ಟೆ. ಮುಳ್ಳು ಸರ್ರನೆ ಏರಿತು. 60, 80, 90. ಮನೆಮಂದಿಯೆಲ್ಲ ನನ್ನ ಮೊಬೈಲಿಗೆ ಮುಗಿಬಿದ್ದು ನೋಡುತ್ತಿದ್ದರು.

94. ಅಲ್ಲೇ ನಿಂತಿತು.

ಲ್ಯಾಪ್‌ಟಾಪನ್ನು ರೂಟರ್‌ಗೆ ವೈರ್ ಹಾಕಿಯೇ ನೋಡಿದೆ. 94. ಬೆಳಗ್ಗೆ 94, ನಡುರಾತ್ರಿ ಎಲ್ಲರೂ ಮಲಗಿದ ಮೇಲೂ 94. ಇಲ್ಲೇ ನನಗೆ ಅನುಮಾನ ಬಂದದ್ದು. ವೈಫೈ ತೊಂದರೆಯಾದರೆ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಒಮ್ಮೆ 30, ಒಮ್ಮೆ 70, ಯಾರೋ ಬಾಗಿಲು ಹಾಕಿದರೆ 20. ಅದು ತಡವರಿಸುವ ವೇಗ. ಇಲ್ಲಿ ಹೊತ್ತು ಗೊತ್ತು ಇಲ್ಲದೆ ಒಂದೇ ಅಂಕಿ ಬರುತ್ತಿದೆ ಅಂದರೆ ಯಾರೋ ಎಲ್ಲೋ ಕೈ ಅಡ್ಡ ಹಿಡಿದು ನಿಲ್ಲಿಸಿದ್ದಾರೆ ಅಂತಲೇ ಅರ್ಥ.

ಈ ತರ್ಕವನ್ನು ಊಟದ ಹೊತ್ತಿನಲ್ಲಿ ವಿವರಿಸಿದೆ. "ಇರ್ಲಿ ಬಿಡು, 94 ಏನು ಕಡಿಮೆನಾ" ಅಂದರು ನಮ್ಮನೆಯವರು. ತಿಂಗಳ ಬಿಲ್ ನೆನಪಾಗಿ ಅವರೇ ಮಾತು ವಾಪಸ್ ತಗೊಂಡರು.

ಕಂಪನಿಯಿಂದ ಟೆಕ್ನಿಶಿಯನ್ ಹುಡುಗ ಬಂದ. ಬಾಗಿಲಲ್ಲೇ ನಿಂತು "ಸರ್ ಇಲ್ವಾ ಮೇಡಂ?" ಅಂದ. ಸರ್ ಇದ್ದರು, ಸೋಫಾದಲ್ಲಿ. ಆದರೂ ರೂಟರ್ ವಿಚಾರಕ್ಕೆ ಅವರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಅವನಿಗೆ ಹೇಗೆ ಹೇಳುವುದು? ಅವನು ಬ್ಯಾಗಿನಿಂದ ತನ್ನ ಕೇಬಲ್ ತೆಗೆದ, ಗೋಡೆಯ ಮೇಲಿದ್ದ ಫೈಬರ್ ಬಾಕ್ಸಿಗೆ ನೇರವಾಗಿ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ, ಸ್ಪೀಡ್ ಟೆಸ್ಟ್ ಒತ್ತಿದ. 306.

"ನೋಡಿ ಮೇಡಂ, ನಮ್ಮದು ಪೂರ್ತಿ ಬರ್ತಿದೆ. ಮಿಕ್ಕಿದ್ದನ್ನ ನಿಮ್ಮ ರೂಟರ್ ನುಂಗ್ತಾ ಇದೆ. ಚೇಂಜ್ ಮಾಡಿಬಿಡಿ." ಹತ್ತು ನಿಮಿಷದಲ್ಲಿ ಕೇಸ್ ಕ್ಲೋಸ್ ಮಾಡಿ, ತನ್ನ ಕೇಬಲ್ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟ. ಆ ಕೇಬಲ್ಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಮೈದುನನ ಪ್ರವೇಶವಾಯಿತು. ಅವನು ಸಾಫ್ಟ್‌ವೇರ್‌ನಲ್ಲಿದ್ದಾನೆ. ಹಾಗಾಗಿ ಫ್ಯಾನ್ ಸದ್ದು ಮಾಡಿದರೂ ಮನೆಯವರು ಅವನನ್ನೇ ಕರೆಯುತ್ತಾರೆ, ಅವನೂ ಬರುತ್ತಾನೆ. ಬಂದವನೇ ಒಂದು ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ ಕಿರುಚಿದ. "ಅತ್ತಿಗೆ, 94 ಎಲ್ಲಿದೆ? ಇಲ್ಲಿ 11 ತೋರಿಸ್ತಿದೆ!" ಅದು ಎಂಬಿಪಿಎಸ್ ಅಲ್ಲ ಮಾರಾಯ, ಮೆಗಾಬೈಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್, 94ನ್ನು ಎಂಟರಿಂದ ಭಾಗಿಸು ಅಂದೆ. ಸಾಫ್ಟ್‌ವೇರ್‌ನವನಿಗೆ ಇದನ್ನು ಹೇಳುವಾಗ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅವನು ಮಾತು ಬದಲಿಸಿ, "ಫ್ಯಾಕ್ಟರಿ ರೀಸೆಟ್ ಮಾಡ್ಬಿಡೋಣ" ಅಂದ. ಬೇಡ ಅನ್ನುವಷ್ಟರಲ್ಲಿ ಅತ್ತೆಯ ಸೆರಗಿನ ಸೇಫ್ಟಿ ಪಿನ್ ರೂಟರ್ ಹಿಂದಿನ ಸಣ್ಣ ತೂತಿನೊಳಗೆ ಹೋಗಿತ್ತು.

ರೀಸೆಟ್ ಅಂದರೆ ರೂಟರ್‌ಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹೋದರೆ ಹೋಗಲಿ. ಕಂಪನಿಗೆ ಲಾಗಿನ್ ಆಗಲು ಅದರೊಳಗೆ ಒಂದು ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತದಲ್ಲ, ಪಿಪಿಪಿಒಇ ಅನ್ನುತ್ತಾರೆ, ಅದೂ ಹೋಯಿತು. ಹಸಿರು ದೀಪ ಕೆಂಪಾಯಿತು. ಕನೆಕ್ಷನ್ ಹಾಕುವಾಗ ಅದನ್ನು ಯಾವುದೋ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಎಲ್ಲಿದೆ ಅಂತ ನಮ್ಮನೆಯವರಿಗೆ ಮಾತ್ರ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಮೈದುನನಿಗೆ ಅರ್ಜೆಂಟ್ ಮೀಟಿಂಗ್ ನೆನಪಾಯಿತು, ಹೊರಟ. ಆ ಸಂಜೆ ಇಡೀ ನಮ್ಮ ಸ್ಪೀಡ್ ಸೊನ್ನೆ. 94 ಎಷ್ಟು ದೊಡ್ಡ ಸಂಖ್ಯೆ ಅಂತ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು.

ಮಾರನೇ ದಿನ ಕಸ್ಟಮರ್ ಕೇರ್‌ನವರಿಂದ ಪಾಸ್‌ವರ್ಡ್ ಪಡೆದು ಮತ್ತೆ ಎಲ್ಲ ಜೋಡಿಸಿದ್ದಾಯಿತು. ನಮ್ಮನೆಯವರು ಎಂದೂ ಇಲ್ಲದ ಆಸಕ್ತಿಯಿಂದ ಪಕ್ಕದಲ್ಲಿ ಕೂತು, ಮಗನ ಮೊಬೈಲಿಗೆ ಪೇರೆಂಟಲ್ ಕಂಟ್ರೋಲನ್ನೂ ಮರೆಯದೆ ಹಾಕಿಸಿದರು. ಯಾವ ಸೈಟ್ ನೋಡಬಹುದು, ರಾತ್ರಿ ಎಷ್ಟು ಗಂಟೆಗೆ ನೆಟ್ ಕಟ್, ಎಲ್ಲ. ಸ್ಪೀಡ್ ನೋಡಿದರೆ ಅದೇ 94. ಮೈದುನ ತಪ್ಪೊಪ್ಪಿಗೆ ಕಾಣಿಕೆಯ ಹಾಗೆ ತನ್ನ ಮನೆಯಲ್ಲಿ ಬಿದ್ದಿದ್ದ ಇನ್ನೊಂದು ರೂಟರ್ ತಂದುಕೊಟ್ಟ. ಅದನ್ನು ಸಿಕ್ಕಿಸಿದರೆ ಅದರಲ್ಲೂ 94!

ಎರಡು ಬೇರೆ ಬೇರೆ ಕಂಪನಿಯ ರೂಟರ್‌ಗಳು ಒಂದೇ ಸುಳ್ಳು ಹೇಳಲಾರವು. ನಮ್ಮ ರೂಟರ್ ನಿರಪರಾಧಿ. ಅದನ್ನು ಮತ್ತೆ ಶೋಕೇಸಿನ ಮೇಲೆ ಪ್ರತಿಷ್ಠಾಪಿಸಿ, ಬ್ರೌಸರ್‌ನಲ್ಲಿ 192.168.1.1 ಹೊಡೆದು ಒಳಗಿನ ಸ್ಟೇಟಸ್ ಪೇಜ್ ತೆರೆದೆ. ಆ ಪೇಜನ್ನು ಯಾರೂ ಓದುವುದಿಲ್ಲ. ಅಲ್ಲಿ ವ್ಯಾನ್ ಪೋರ್ಟ್, ಅಂದರೆ ಹೊರಗಿನ ಇಂಟರ್‌ನೆಟ್ ರೂಟರ್‌ನೊಳಗೆ ಬರುವ ಕಿಂಡಿ, ಅದರ ಎದುರು ಸ್ಪಷ್ಟವಾಗಿ ಬರೆದಿತ್ತು: 100 ಎಂಬಿಪಿಎಸ್. ಪೋರ್ಟ್ ಇರುವುದು ಗಿಗಾಬಿಟ್, ಅಂದರೆ 1000ದ್ದು. ಫೈಬರ್ ಬಾಕ್ಸಿನ ಪೋರ್ಟೂ 1000ದ್ದೇ. ಆದರೂ ಅವೆರಡೂ ಮಾತಾಡಿಕೊಂಡು 100ಕ್ಕೆ ಒಪ್ಪಿಕೊಂಡಿವೆ. ಆ 100ರಲ್ಲಿ ಡೇಟಾ ಹೊತ್ತು ಸಾಗುವ ಪ್ಯಾಕೆಟ್ಟುಗಳ ವಿಳಾಸ ಗಿಳಾಸಕ್ಕೆ ಐದಾರು ಕಳೆದರೆ ಉಳಿಯುವುದೇ 94. ನಡುವೆ ಇರುವುದು ಒಂದೇ ಒಂದು ವಸ್ತು. ಟೆಕ್ನಿಶಿಯನ್ ಹುಡುಗ ಆ ದಿನ ನಮ್ಮದನ್ನು ಬಿಟ್ಟು ತನ್ನ ಬ್ಯಾಗಿನಿಂದ ತೆಗೆದು ಹಾಕಿಕೊಂಡ ವಸ್ತು.

ಕೇಬಲ್ಲಿನ ಜಾಡು ಹಿಡಿದು ಹೊರಟೆ. ಫೈಬರ್ ಬಾಕ್ಸಿನಿಂದ ಇಳಿದು, ಗೋಡೆಯಂಚಿನಲ್ಲಿ ಸಾಗಿ, ಶೋಕೇಸಿನ ಹಿಂದಿನ ಕಾಲಿನ ಕೆಳಗೆ ಅದು ಮಾಯವಾಗಿತ್ತು. ಮೂವರು ಸೇರಿ ಶೋಕೇಸ್ ಎತ್ತಿದರೆ, ಕಾಲಿನಡಿ ಕೇಬಲ್ ಚಪ್ಪಟೆಯಾಗಿ ಹೋಗಿದೆ. ಮೇಲಿನ ಬೂದು ಸಿಪ್ಪೆಯನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಒಂದೊಂದು ಬಣ್ಣದ ಜೊತೆಗೂ ಅದೇ ಬಣ್ಣದ ಗೆರೆಯ ಬಿಳಿ ಎಳೆ. ಎಲ್ಲ ನೆಟ್ಟಗಿದ್ದವು, ಕಂದು ಒಂದನ್ನು ಬಿಟ್ಟು. ಅದರ ಪ್ಲಾಸ್ಟಿಕ್ ಹಾಗೇ ಇತ್ತು. ಉಗುರಿನಿಂದ ಒತ್ತಿದರೆ ಒಳಗೆ ತಾಮ್ರ ತುಂಡಾಗಿರುವುದು ಕೈಗೆ ಗೊತ್ತಾಗುತ್ತಿತ್ತು.

100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಈ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಮಿಕ್ಕ ಎರಡು ಜೋಡಿಯಲ್ಲಿ ಒಂದು ಎಳೆ ಹೋದರೂ ಈ ಪೋರ್ಟುಗಳು ಗಲಾಟೆ ಮಾಡುವುದಿಲ್ಲ, ಕೆಂಪು ದೀಪ ಹಾಕುವುದಿಲ್ಲ, 100ಕ್ಕೆ ಇಳಿದು ಸಂಸಾರ ನಡೆಸಿಕೊಂಡು ಹೋಗುತ್ತವೆ. ಆ ಎಳೆ ತುಂಡಾಗಿ ಎಷ್ಟು ವರ್ಷವಾಗಿತ್ತೋ. ನಾವು 100ರ ಪ್ಲಾನಿನಲ್ಲಿ ಇರುವವರೆಗೂ ಅದು ಯಾರಿಗೂ ಗೊತ್ತಾಗುವ ಹಾಗೇ ಇರಲಿಲ್ಲ.

"ಹೊಸದು ತರೋದೇ ಆದ್ರೆ ಕ್ಯಾಟ್ 8 ತರೋಣ, ದೊಡ್ಡ ನಂಬರು" ಅಂದರು ನಮ್ಮನೆಯವರು. ಕ್ಯಾಟ್ ಅಂದರೆ ಕೇಬಲ್ಲಿನ ದರ್ಜೆ. ಗಿಗಾಬಿಟ್‌ಗೆ ಕ್ಯಾಟ್ 5ಇ ಕೇಬಲ್ ಸಾಕು, ಅದು 100 ಮೀಟರ್‌ವರೆಗೂ ಎಳೆಯುತ್ತದೆ. ನಮ್ಮ ಹಾಲ್ ಅಷ್ಟು ಉದ್ದ ಇಲ್ಲ. 5ಇಯನ್ನೇ ತಂದು, ಶೋಕೇಸಿನ ಕಾಲಿನಿಂದ ದೂರ ಎಳೆದು ಹಾಕಿದೆ. ಸ್ಪೀಡ್ ಟೆಸ್ಟ್ ಒತ್ತಿದೆ. ಮುಳ್ಳು 94ನ್ನು ತಿರುಗಿಯೂ ನೋಡದೆ ದಾಟಿ 212ರಲ್ಲಿ ನಿಂತಿತು. ಅತ್ತೆ ಚಪ್ಪಾಳೆ ತಟ್ಟಿದರು. ನಮ್ಮನೆಯವರು ಮಾತ್ರ "ಇನ್ನೂ 88 ಎಲ್ಲಿ?" ಅಂದರು.

ನ್ಯಾಯವಾದ ಪ್ರಶ್ನೆ. ಮತ್ತೆ ಸ್ಟೇಟಸ್ ಪೇಜ್. ಟೆಸ್ಟ್ ಓಡುವಾಗ ರೂಟರ್‌ನ ಪ್ರೊಸೆಸರ್ ಬಳಕೆ ನೂರಕ್ಕೆ ನೂರು. ಸಾಮಾನ್ಯವಾಗಿ ಪ್ಯಾಕೆಟ್ಟುಗಳನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಲು ರೂಟರ್‌ನಲ್ಲಿ ಬೇರೆಯೇ ಒಂದು ಏರ್ಪಾಡು ಇರುತ್ತದೆ, ಪ್ರೊಸೆಸರ್‌ಗೆ ಹೆಚ್ಚು ಕೆಲಸ ಬೀಳುವುದಿಲ್ಲ. ಆದರೆ ಯಾರು ಯಾವ ಸೈಟಿಗೆ ಹೋಗುತ್ತಿದ್ದಾರೆ ಅಂತ ನಿಗಾ ಇಡು ಅಂದರೆ, ನಮ್ಮದರಂಥ ಹಳೇ ರೂಟರ್‌ಗಳಲ್ಲಿ ಆ ಅಡ್ಡದಾರಿ ಮುಚ್ಚಿಹೋಗುತ್ತದೆ. ಪ್ರತಿಯೊಂದು ಪ್ಯಾಕೆಟ್ಟೂ ಪ್ರೊಸೆಸರ್‌ನ ಮುಂದೆ ಹಾದೇ ಹೋಗಬೇಕು. ನೋಡೇಬಿಡೋಣ ಅಂತ ಪೇರೆಂಟಲ್ ಕಂಟ್ರೋಲ್ ಆಫ್ ಮಾಡಿ ಟೆಸ್ಟ್ ಒತ್ತಿದೆ. 291.

ಅಲ್ಲಿಯವರೆಗೆ ರೂಮಿನಲ್ಲಿ ಓದುತ್ತಿದ್ದ ಮಗ ಯಾವಾಗ ಬಂದು ಹಿಂದೆ ನಿಂತಿದ್ದನೋ ಗೊತ್ತಿಲ್ಲ.

"ಅಪ್ಪಾ, ಕೊಟ್ಟ ದುಡ್ಡಿಗೆ ಪೂರ್ತಿ ಸ್ಪೀಡ್ ಬೇಕಲ್ವಾ?" ಅಂದ, ಬಹಳ ವಿನಯದಿಂದ.

ನಮ್ಮನೆಯವರ ಮುಖ ನೋಡಬೇಕಿತ್ತು. ಒಂದು ಕಡೆ ತಿಂಗಳ ಬಿಲ್, ಇನ್ನೊಂದು ಕಡೆ ಮಗನ ಗೇಮು. ಸ್ಕ್ರೀನ್ ಕಡೆ ನೋಡಿದರು, ಮಗನ ಕಡೆ ನೋಡಿದರು, ಕೊನೆಗೆ ಅಮ್ಮನ ಕಡೆ ನೋಡಿದರು. ಅತ್ತೆ "ಹಾಕು ಅದನ್ನ ವಾಪಸ್ಸು" ಅಂದರು. ಹಾಕಿದೆ. ಪರೀಕ್ಷೆ ಮುಗಿಯುವವರೆಗೆ ಹೀಗೇ ಇರಲಿ ಅಂತ ತೀರ್ಮಾನವಾಗಿದೆ.

ಮಗ ಈಗ ಸಂಜೆ ಆದ ಕೂಡಲೇ ಸ್ಪೀಡ್ ಟೆಸ್ಟ್ ಮಾಡಿ, 212ರ ಸ್ಕ್ರೀನ್‌ಶಾಟನ್ನು ಒಂದಕ್ಷರ ಬರೆಯದೆ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದಾನೆ. ಅದರ ಕೆಳಗೆ ಹೆಬ್ಬೆರಳು ಒತ್ತುವವನು ಮೈದುನ ಒಬ್ಬನೇ.